ಹದ ತಪ್ಪಿದ ಭಾನುವಾರ

2023ರ ನವೆಂಬರ್ 19. ಹಿರಿಯೂರಿನ ಹೆದ್ದಾರಿ ಬದಿಯ ಒಂದು ಹೋಟೆಲ್ಲು. ಹೊರಗೆ ಲಾರಿಗಳು ಸಾಲಾಗಿ ನಿಂತಿದ್ದವು. ಬೆಂಗಳೂರಿನಿಂದ ಚಿತ್ರದುರ್ಗದ ಕಡೆ ಹೋಗುವ ರಸ್ತೆಯೂ ಹುಳಿಯಾರಿನಿಂದ ಬಂದು ಚಳ್ಳಕೆರೆ, ಬಳ್ಳಾರಿಗೆ ಹೊರಡುವ ರಸ್ತೆಯೂ ಕೂಡುವ ಊರು ಅದು. ಆ ಮಧ್ಯಾಹ್ನ ಮಾತ್ರ ಎರಡೂ ಕಡೆ ಹೋಗಬೇಕಾದವರು ಹೋಗದೆ ಒಳಗೆ ಟಿವಿ ಮುಂದೆ ಕೂತಿದ್ದರು. ಅಹಮದಾಬಾದಿನಲ್ಲಿ ವಿಶ್ವಕಪ್ ಫೈನಲ್. ಕ್ರೀಸಿನಲ್ಲಿ ಕೆ.ಎಲ್. ರಾಹುಲ್.

ಚೆಂಡು ಬರುತ್ತದೆ, ರಾಹುಲ್ ತಳ್ಳುತ್ತಾರೆ, ಒಂದು ರನ್. ಮತ್ತೆ ಚೆಂಡು, ಮತ್ತೆ ತಟ್ಟಿ ನಿಲ್ಲಿಸುತ್ತಾರೆ. ಹನ್ನೊಂದನೆಯ ಓವರಿನಿಂದ ಆಚೆಗೆ 97 ಎಸೆತ ಒಂದೂ ಬೌಂಡರಿ ಇಲ್ಲ. ನನ್ನ ಪಕ್ಕದಲ್ಲಿದ್ದ ಕ್ಲೀನರ್ ಹುಡುಗ ತಟ್ಟೆಯಲ್ಲಿದ್ದ ಮಂಡಕ್ಕಿ ಮುಟ್ಟದೆ ಗೊಣಗುತ್ತಿದ್ದ: 'ಬರೀ ಕುಟ್ತಾನಲ್ಲಣ್ಣ. ಎತ್ತಿ ಹೊಡಿಯೋ ಮಾರಾಯ, ಇಲ್ಲಾಂದ್ರೆ ಔಟಾಗಾದ್ರೂ ಹೋಗು.' ಅವನೊಬ್ಬನ ಮಾತಲ್ಲ ಅದು. ನಾನೂ ಅಂದೆ. ಹೋಟೆಲ್ಲಿಗೆ ಹೋಟೆಲ್ಲೇ ಅಂದಿತು. ಕೊನೆಗೂ ಮ್ಯಾಕ್ಸ್‌ವೆಲ್ ಎಸೆತವನ್ನು ರಾಹುಲ್ ಹಿಂದಕ್ಕೆ ಸವರಿ ಫೋರ್ ತೆಗೆದಾಗ ಎದ್ದ ಕೂಗು ಗೆದ್ದವರ ಕೂಗಿನಂತಿರಲಿಲ್ಲ, ಕಟ್ಟಿಕೊಂಡಿದ್ದ ಉಸಿರು ಬಿಟ್ಟಂತಿತ್ತು. 107 ಎಸೆತಕ್ಕೆ 66. ಇಡೀ ಇನ್ನಿಂಗ್ಸಿಗೆ ಅದೊಂದೇ ಫೋರ್.

ಅಲ್ಲಿಗೆ ಆರು ವಾರ ಹಿಂದೆ ಇದೇ ಜನ ಇದೇ ಹುಡುಗನನ್ನು ತಲೆ ಮೇಲೆ ಹೊತ್ತಿದ್ದರು. ಅಕ್ಟೋಬರ್ 8ರಂದು ಚೆನ್ನೈಯಲ್ಲಿ ಇದೇ ಆಸ್ಟ್ರೇಲಿಯಾ ಎದುರು ಬರೀ 200 ಬೇಕಿದ್ದಾಗ 2 ರನ್ನಿಗೆ 3 ವಿಕೆಟ್ ಬಿದ್ದವು. ಬಿಸಿಲಲ್ಲಿ ಅಷ್ಟೂ ಓವರ್ ಕೀಪಿಂಗ್ ಮಾಡಿ, ಆಗತಾನೆ ಸ್ನಾನ ಮುಗಿಸಿದ್ದ ರಾಹುಲ್ ಪ್ಯಾಡ್ ಕಟ್ಟಿಕೊಂಡು ಓಡಿ ಬಂದರು. ಕೊಹ್ಲಿ 85 ಹೊಡೆದು ಹೋದರು, ಇವರು 97ಕ್ಕೆ ನಾಟೌಟ್. ನೂರು ಆಗಲೆಂದು ಒಂದು ಫೋರ್, ಆಮೇಲೊಂದು ಸಿಕ್ಸ್ ಅಂತ ಲೆಕ್ಕ ಹಾಕಿದ್ದರಂತೆ. ಮೊದಲಿಗೇ ಚೆಂಡು ಕವರ್ ಮೇಲೆ ಹಾರಿ ಸಿಕ್ಸ್ ಆಗಿ ಮ್ಯಾಚೇ ಮುಗಿದುಹೋಯಿತು. ಗೆದ್ದ ಮನುಷ್ಯ ಬ್ಯಾಟ್ ಊರಿ ಕುಕ್ಕರಗಾಲಲ್ಲಿ ಕೂತುಬಿಟ್ಟದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮಾರನೆಯ ದಿನ ಚಿತ್ರದುರ್ಗದ ಬಿ.ಡಿ. ರಸ್ತೆಯ ಟೀ ಅಂಗಡಿಯಲ್ಲಿ ಅವರನ್ನು ಯಾರೂ 'ರಾಹುಲ್' ಅನ್ನುತ್ತಿರಲಿಲ್ಲ, 'ನಮ್ಮ ಹುಡುಗ' ಅನ್ನುತ್ತಿದ್ದರು. ಸುರತ್ಕಲ್‌ನಲ್ಲಿ ಬೆಳೆದ ಹುಡುಗ ಒಂದೇ ರಾತ್ರಿಯಲ್ಲಿ ದುರ್ಗದವನಾಗಿದ್ದ.

ಇನ್ನೂ ಎಂಟು ತಿಂಗಳು ಹಿಂದಕ್ಕೆ ಹೋದರೆ ಕತೆಯೇ ಬೇರೆ. ಆ ಫೆಬ್ರವರಿಯಲ್ಲಿ ರಾಹುಲ್ ಟೆಸ್ಟ್ ಉಪನಾಯಕತ್ವ ಕಳೆದುಕೊಂಡಿದ್ದರು, ಬೆನ್ನಿಗೇ ಆಡುವ ಹನ್ನೊಂದರಲ್ಲಿ ಜಾಗವನ್ನೂ ಕಳೆದುಕೊಂಡರು. ಅವರಿಗೆ ಜಾಗ ಕೊಡುತ್ತಿರುವುದು ನ್ಯಾಯವೇ ಎಂದು ಬಹಿರಂಗವಾಗಿ ಕೇಳಿದವರು ನಮ್ಮವರೇ ಆದ ವೆಂಕಟೇಶ ಪ್ರಸಾದ್. 1996ರಲ್ಲಿ ಬೆಂಗಳೂರಿನ ಕ್ವಾರ್ಟರ್ ಫೈನಲಿನಲ್ಲಿ ಅಮೀರ್ ಸೊಹೇಲ್‌ನ ಸ್ಟಂಪ್ ಎಗರಿಸಿದ ಪ್ರಸಾದ್ ಹೇಳಿದರೆಂದರೆ ನಮ್ಮ ಕಡೆ ಅದಕ್ಕೆ ತೂಕ ಜಾಸ್ತಿ. ಮೇ 1ರಂದು ಲಖನೌದಲ್ಲಿ ಚೆಂಡಿನ ಹಿಂದೆ ಓಡುವಾಗ ತೊಡೆಗೆ ಪೆಟ್ಟು, ಆಮೇಲೆ ಶಸ್ತ್ರಚಿಕಿತ್ಸೆ. ಮುಗಿಯಿತು ಇವನ ಕತೆ ಎಂದವರೇ ಹೆಚ್ಚು. ಸೆಪ್ಟೆಂಬರಿನಲ್ಲಿ ಕೊಲಂಬೊದಲ್ಲಿ ಪಾಕಿಸ್ತಾನದ ಎದುರು ಶ್ರೇಯಸ್ ಅಯ್ಯರ್‌ಗೆ ಬೆನ್ನು ಹಿಡಿದುಕೊಂಡಿತು, ಟಾಸ್‌ಗೆ ಸ್ವಲ್ಪ ಮುಂಚೆ ರಾಹುಲ್‌ಗೆ ಕರೆ ಬಂತು. ಔಟಾಗದೆ 111 ಹೊಡೆದು ಬಂದರು.

ಈ ಏರಿಳಿತಕ್ಕೆ ಟಿವಿಯವರು 'ಫಾರ್ಮ್' ಅನ್ನುತ್ತಾರೆ, ನಾವೂ ಅದನ್ನೇ ಕಲಿತು ಹೇಳುತ್ತೇವೆ. ಆದರೆ ಆ ನವೆಂಬರಿನಲ್ಲಿ ಹೊಳಲ್ಕೆರೆ ಕಡೆಯ ಒಂದು ಅಡಿಕೆ ಕಣದಲ್ಲಿ ನಾನು ಅದಕ್ಕೆ ಬೇರೊಂದು ಮಾತು ಕೇಳಿದೆ. ಕೊಯ್ಲಿನ ಕಾಲ. ಒಂದು ಕಡೆ ಸುಲಿಯುವ ಯಂತ್ರದ ಸದ್ದು, ಇನ್ನೊಂದು ಕಡೆ ಹಂಡೆಯಲ್ಲಿ ಕೆಂಪಗೆ ಕುದಿಯುವ ಅಡಿಕೆ, ತೆಂಗಿನ ಮಟ್ಟೆಯ ಹೊಗೆ. ಬೇಯಿಸುವ ಹಿರಿಯರು ಒಂದು ಅಡಿಕೆ ತೆಗೆದು ಉಗುರಿನಿಂದ ಒತ್ತಿ ನೋಡಿ ಮತ್ತೆ ಹಂಡೆಗೆ ಹಾಕಿದರು. ಹುಡುಗರು ಫೈನಲಿನ ಮಾತು ತೆಗೆದು ರಾಹುಲ್‌ನನ್ನು ಬೈಯುತ್ತಿದ್ದರು. ಹಿರಿಯರು ತಲೆ ಎತ್ತದೆ ಅಂದರು: 'ಅವ್ನ ತಪ್ಪಲ್ಲ ಬಿಡ್ರಪ್ಪ. ಹದ ತಪ್ಪಿತ್ತು, ಅಷ್ಟೆ.'

ಹದ. ಮುದ್ದೆಗೆ ಹದ, ಬಿತ್ತನೆಗೆ ಹದ, ಬೇಯುವ ಅಡಿಕೆಗೆ ಹದ. ಅದು ಬೇಯಿಸುವವನ ಕೈಯಲ್ಲಿ ಅರ್ಧ ಇರುತ್ತದೆ. ಉಳಿದರ್ಧ ಕಾಯಿಯಲ್ಲಿ, ನೀರಿನಲ್ಲಿ, ಉರಿಯಲ್ಲಿ ಇರುತ್ತದೆ. ಫಾರ್ಮ್ ಅಂದಾಗ ಆಟಗಾರನೊಬ್ಬನನ್ನೇ ಕಟಕಟೆಗೆ ನಿಲ್ಲಿಸುತ್ತೇವೆ. ಹದ ಅಂದರೆ ಪಿಚ್ಚೂ ಲೆಕ್ಕಕ್ಕೆ ಬರುತ್ತದೆ, ಎದುರಾಳಿಯೂ ಬರುತ್ತಾನೆ, ಹೊತ್ತೂ ಬರುತ್ತದೆ. ಅಹಮದಾಬಾದಿನ ಆ ಪಿಚ್ಚು ಒಣಗಿ ನಿಧಾನವಾಗಿತ್ತು, ಹಗಲು ಚೆಂಡು ಬ್ಯಾಟಿಗೆ ಬರುತ್ತಿರಲಿಲ್ಲ. ರೋಹಿತ್ 31 ಎಸೆತಕ್ಕೆ 47 ಹೊಡೆದು ಹೋದ ಮೇಲೆ ಶ್ರೇಯಸ್ಸೂ ನಿಲ್ಲಲಿಲ್ಲ. ಆಗ ರಾಹುಲ್ ಕೂಡ ಎತ್ತಿ ಹೊಡೆಯಲು ಹೋಗಿ ಔಟಾಗಿದ್ದರೆ 240 ಎಲ್ಲಿ ಬರುತ್ತಿತ್ತು? ಸಂಜೆ ಆಸ್ಟ್ರೇಲಿಯಾ 47ಕ್ಕೆ 3 ಆದಾಗ ಹಿರಿಯೂರಿನ ಹೋಟೆಲ್ಲು ಇನ್ನೊಮ್ಮೆ ಎದ್ದು ನಿಂತಿತ್ತು. ಆಮೇಲೆ ಟ್ರಾವಿಸ್ ಹೆಡ್ 137. ಸತತ ಹತ್ತು ಗೆದ್ದು ಬಂದ ತಂಡ ಹನ್ನೊಂದನೆಯದನ್ನು ಸೋತಿತು. ಹೋಟೆಲ್ ಮಾಲೀಕರು ಪ್ರಶಸ್ತಿ ಕೊಡುವುದನ್ನೂ ನೋಡದೆ ಟಿವಿ ಆರಿಸಿದರು. ಲಾರಿಗಳು ಒಂದೊಂದಾಗಿ ಹೊರಟವು.

ಆ ವರ್ಷ ನಮ್ಮ ಸೀಮೆಗೂ ಹದ ತಪ್ಪಿತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದ ವರ್ಷ ಅದು. ಮೇವಿಲ್ಲ, ಬೋರ್‌ವೆಲ್‌ಗೆ ಬೇಕಾದಷ್ಟು ಕರೆಂಟಿಲ್ಲ. ಕರೆಂಟ್ ಹೋದಾಗ ಒಂದು ಮೊಬೈಲಿನ ಸುತ್ತ ಆರು ತಲೆ ಕೂಡಿಕೊಂಡು ಮ್ಯಾಚ್ ನೋಡುತ್ತಿದ್ದವು. ನೀರಿಲ್ಲದ ಕೆರೆ ಅಂಗಳ ಹುಡುಗರಿಗೆ ಕ್ರಿಕೆಟ್ ಮೈದಾನವಾಗಿತ್ತು. ಬೆಳೆ ಕೈಕೊಟ್ಟ ಮನೆಗಳಲ್ಲಿ ಅಕ್ಟೋಬರಿನಿಂದ ನವೆಂಬರಿನವರೆಗೆ ಗೆಲುವಿನ ಸುದ್ದಿ ಅಂತ ಬಂದದ್ದು ಅದೊಂದೇ. ದೀಪಾವಳಿಯ ದಿನ ಬೆಂಗಳೂರಿನಲ್ಲಿ ನೆದರ್ಲೆಂಡ್ಸ್ ಎದುರು ರಾಹುಲ್ 62 ಎಸೆತಕ್ಕೆ ನೂರು ಮುಟ್ಟಿದಾಗ ಹಚ್ಚಿದ ಪಟಾಕಿ ಹಬ್ಬಕ್ಕೋ ಅವರಿಗೋ ಎಂದು ಯಾರೂ ಕೇಳಲಿಲ್ಲ. ಆದ್ದರಿಂದಲೇ ಒಂದು ವಾರದ ನಂತರ ಅಷ್ಟು ಸಿಟ್ಟು ಬಂತು ಎಂದು ನನಗೆ ಅನ್ನಿಸುತ್ತದೆ. ಅಭಿಮಾನಿಯ ಬೈಗುಳದಲ್ಲಿ ಆಟದ ಲೆಕ್ಕ ಕಡಿಮೆ, ಮನೆಯ ಲೆಕ್ಕವೇ ಹೆಚ್ಚು.

ಆ ಹೊತ್ತಿಗೇ ಫ್ರಾನ್ಸಿನಲ್ಲಿ ರಗ್ಬಿ ವಿಶ್ವಕಪ್ಪೂ ನಡೆದಿತ್ತು. ನಮ್ಮ ಕಡೆ ಆ ಆಟ ನೋಡುವವರು ಕಡಿಮೆ, ಆದರೂ ಅಲ್ಲಿ ನಡೆದದ್ದು ನಮಗೆ ಬೇಕಾದ ಕತೆಯೇ. ನ್ಯೂಜಿಲೆಂಡ್ ಟೂರ್ನಿಗೆ ಮುಂಚೆ ದಕ್ಷಿಣ ಆಫ್ರಿಕಾ ಕೈಯಲ್ಲಿ 35–7ರಿಂದ ಹೊಡೆತ ತಿಂದಿತ್ತು. ಉದ್ಘಾಟನಾ ಪಂದ್ಯದಲ್ಲಿ ಆತಿಥೇಯ ಫ್ರಾನ್ಸಿಗೆ 27–13ರಿಂದ ಸೋತಿತು. ವಿಶ್ವಕಪ್ಪಿನ ಗುಂಪು ಹಂತದಲ್ಲಿ ಆ ತಂಡ ಎಂದೂ ಸೋತಿರಲಿಲ್ಲ. ಆದರೂ ಫೈನಲ್ ತಲುಪಿತು. ದಕ್ಷಿಣ ಆಫ್ರಿಕಾ ಗುಂಪಿನಲ್ಲಿ ಐರ್ಲೆಂಡಿಗೆ ಸೋತು, ಆಮೇಲೆ ಮೂರು ನಾಕೌಟ್ ಪಂದ್ಯಗಳನ್ನೂ ಒಂದೊಂದೇ ಅಂಕದಲ್ಲಿ ಗೆದ್ದು ಕಪ್ ಎತ್ತಿತು. ಫೈನಲ್ ಸ್ಕೋರು 12–11. ಕ್ರಿಕೆಟ್ಟಿನಲ್ಲಿ ಕಪ್ ಗೆದ್ದ ಆಸ್ಟ್ರೇಲಿಯಾವೂ ತನ್ನ ಮೊದಲೆರಡು ಪಂದ್ಯ ಸೋತಿತ್ತು. ಒಂದೂ ಸೋಲದೆ ಬಂದವರು ನಾವು. ಚಿತ್ರದುರ್ಗದ ಒನಕೆ ಓಬವ್ವ ಕ್ರೀಡಾಂಗಣದಲ್ಲಿ ಬೆಳಗ್ಗೆ ಓಡಲು ಬರುವ ಸ್ನೇಹಿತರೊಬ್ಬರು ಇದನ್ನು ಚೆನ್ನಾಗಿ ಹೇಳಿದರು: 'ಮೊದಲ ಮಳೆಗೇ ಬೆಳೆ ಮೇಲೆ ಬಂತು ಅಂತ ಕುಣಿದ್ವಿ. ಕಾಳು ಕಟ್ಟೋ ಹೊತ್ತಿಗೆ ಮಳೆ ಬೇಕಿತ್ತು.'

ಹೊಸದುರ್ಗದವರಿಗೆ ಈ ನೋವು ಇನ್ನೂ ಆರು ವರ್ಷ ಮೊದಲೇ ಗೊತ್ತಿತ್ತು. ಪಕ್ಕದ ಕಡೂರಿನ ವೇದಾ ಕೃಷ್ಣಮೂರ್ತಿ 2017ರ ಮಹಿಳಾ ವಿಶ್ವಕಪ್ಪಿನಲ್ಲಿ ಆಡುತ್ತಿದ್ದರು. ಜಿಲ್ಲೆ ಬೇರೆಯಾದರೂ ಕಡೂರು ನಮಗೆ ಬೇರೆ ಊರಲ್ಲ: ಮದುವೆ, ಸಂತೆ, ತೆಂಗಿನಕಾಯಿ ವ್ಯಾಪಾರ ಎಲ್ಲದಕ್ಕೂ ಬಳಕೆಯ ದಾರಿ. ಸೆಮಿಫೈನಲ್ ಸೇರಲು ನ್ಯೂಜಿಲೆಂಡನ್ನು ಸೋಲಿಸಲೇಬೇಕಿದ್ದ ದಿನ ಅವರು 45 ಎಸೆತಕ್ಕೆ 70 ಚಚ್ಚಿದರು. ಲಾರ್ಡ್ಸ್ ಫೈನಲಿನಲ್ಲಿ 229 ಬೇಕಿತ್ತು. 191ಕ್ಕೆ 3 ವಿಕೆಟ್ ಇದ್ದದ್ದು 219ಕ್ಕೆ ಎಲ್ಲರೂ ಔಟ್. ವೇದಾ 35 ಹೊಡೆದು ಹೋದರು. 9 ರನ್ನಿನ ಸೋಲು. ಆ ಸಂಜೆ ಮಹಿಳಾ ಕ್ರಿಕೆಟ್ ಎಂದರೇನೆಂದೇ ಕೇಳಿರದ ಎಷ್ಟೋ ಮನೆಗಳಲ್ಲಿ ಹೆಂಗಸರು ಒಲೆ ಆರಿಸಿ ಬಂದು ಟಿವಿ ಮುಂದೆ ಕೂತಿದ್ದರು.

ಆಮೇಲೆ ವೇದಾ 'ಫಾರ್ಮಿನಲ್ಲಿಲ್ಲ' ಎಂದು ಪತ್ರಿಕೆಯವರು ಬರೆದರು, 2020ರ ಟಿ20 ವಿಶ್ವಕಪ್ಪಿನ ನಂತರ ಭಾರತ ತಂಡಕ್ಕೆ ಅವರು ಮರಳಲಿಲ್ಲ. 2021ರ ಕೋವಿಡ್ ಎರಡನೆಯ ಅಲೆಯಲ್ಲಿ ಎರಡು ವಾರದೊಳಗೆ ತಾಯಿಯನ್ನೂ ಅಕ್ಕನನ್ನೂ ಕಳೆದುಕೊಂಡರು. ಅಂಥ ವರ್ಷದ ಸ್ಕೋರನ್ನು ಯಾವ ಕೋಷ್ಟಕದಲ್ಲಿ ಬರೆಯುವುದು? 2025ರ ಜುಲೈನಲ್ಲಿ ಅವರು ನಿವೃತ್ತಿ ಹೇಳಿದಾಗ ಲಾರ್ಡ್ಸ್‌ನಲ್ಲಿ ಕೊನೆಯ ಏಳು ವಿಕೆಟ್ ಬಿದ್ದ ಆ 28 ರನ್ನುಗಳು ನನಗೆ ಮತ್ತೆ ನೆನಪಾದವು.

ಅದೇ ವರ್ಷದ ನವೆಂಬರ್ 2ರ ರಾತ್ರಿ ನಾನು ಹೊಸದುರ್ಗದಲ್ಲಿ ತಮ್ಮನ ಮನೆಯಲ್ಲಿದ್ದೆ. ನವಿ ಮುಂಬೈಯಲ್ಲಿ ಮಹಿಳಾ ವಿಶ್ವಕಪ್ ಫೈನಲ್, ದಕ್ಷಿಣ ಆಫ್ರಿಕಾ ಎದುರಾಳಿ. ಮಳೆ ಬಂದು ಆಟ ತಡವಾಗಿ ಶುರುವಾಗಿತ್ತು. ಪಿಯುಸಿ ಓದುವ ತಮ್ಮನ ಮಗಳು ನೆಲದ ಮೇಲೆ ಕಾಲು ಚಾಚಿ ಕೂತು ನನಗೆ ಪಾಠ ಹೇಳುತ್ತಿದ್ದಳು. ಗುಂಪಿನಲ್ಲಿ ಮೂರು ಪಂದ್ಯ ಸತತ ಸೋತು ನಮ್ಮವರು ಬೈಸಿಕೊಂಡಿದ್ದರು. ಇಂಗ್ಲೆಂಡ್ ಪಂದ್ಯಕ್ಕೆ ಕೈಬಿಟ್ಟಿದ್ದ ಜೆಮಿಮಾ ಸೆಮಿಫೈನಲಿನಲ್ಲಿ ಔಟಾಗದೆ 127 ಹೊಡೆದು, ಆಸ್ಟ್ರೇಲಿಯಾದ 338ನ್ನು ದಾಟಿಸಿದ್ದರು. ಈಗ ಶೆಫಾಲಿ ವರ್ಮಾ ಬ್ಯಾಟ್ ಬೀಸುತ್ತಿದ್ದರು.

'ದೊಡ್ಡಪ್ಪ, ಇವ್ಳು ಲಿಸ್ಟಲ್ಲೇ ಇರ್ಲಿಲ್ಲ ಗೊತ್ತಾ? ಪ್ರತಿಕಾಗೆ ಕಾಲು ಉಳುಕಿತು ಅಂತ ಕರೆಸಿದ್ದು.'

'ಹಂಗಾದ್ರೆ ಫಾರ್ಮು?'

'ಫಾರ್ಮ್ ಅಂತೆ! ಹೊಡೀತಿದಾಳಲ್ಲ, ನೋಡಿ ಸುಮ್ನೆ.'

ಶೆಫಾಲಿ 87 ಹೊಡೆದರು, ಬೌಲಿಂಗಿಗೂ ಬಂದು ಎರಡು ವಿಕೆಟ್ ತೆಗೆದರು. ದೀಪ್ತಿ ಶರ್ಮಾ 5 ವಿಕೆಟ್. ಗೆಲುವು 52 ರನ್ನಿನದು. ಆಗ ನಡುರಾತ್ರಿ ದಾಟಿತ್ತು. ಹುಡುಗಿ ಬೀದಿಗೆ ಓಡಿದಳು, ನೋಡಿದರೆ ಎದುರು ಮನೆ ಹುಡುಗಿಯೂ ಬೀದಿಯಲ್ಲಿದ್ದಳು. ಆ ಹೊತ್ತಿನಲ್ಲಿ ಹೆಣ್ಣುಮಕ್ಕಳು ಹೊರಗೆ ಕುಣಿಯುವುದನ್ನು ಯಾರೂ ಬೈಯಲಿಲ್ಲ. ಅದು ನನಗೆ ಕಪ್ಪಿನಷ್ಟೇ ದೊಡ್ಡದಾಗಿ ಕಂಡಿತು.

ಹದ ಕಾಯುವುದು ನಮ್ಮ ಜಿಲ್ಲೆಗೆ ಹೊಸದಲ್ಲ. ವಾಣಿವಿಲಾಸ ಸಾಗರ, ನಾವು ಮಾರಿಕಣಿವೆ ಅನ್ನುವ ಅಣೆಕಟ್ಟು, 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ. ಕ್ರಿಕೆಟ್ಟಿನ ರಾಹುಲ್ ದ್ರಾವಿಡ್ ಅಷ್ಟು ಕಾಯಬೇಕಾಗಲಿಲ್ಲವಾದರೂ ಹದಿನೇಳು ವರ್ಷ ಕಾದರು. 2007ರ ವಿಶ್ವಕಪ್ಪಿನಲ್ಲಿ ಅವರ ನಾಯಕತ್ವದ ತಂಡ ವೆಸ್ಟ್ ಇಂಡೀಸಿನಲ್ಲಿ ಬಾಂಗ್ಲಾದೇಶಕ್ಕೂ ಶ್ರೀಲಂಕಾಕ್ಕೂ ಸೋತು ಮೊದಲ ಸುತ್ತಿನಲ್ಲೇ ಮನೆಗೆ ಬಂತು. ದೇಶದಲ್ಲಿ ಪ್ರತಿಕೃತಿ ಸುಟ್ಟರು. ಅದೇ ವೆಸ್ಟ್ ಇಂಡೀಸಿನ ಬಾರ್ಬಡೋಸಿನಲ್ಲಿ 2024ರ ಜೂನ್ 29ರಂದು ಭಾರತ 7 ರನ್ನಿನಿಂದ ಟಿ20 ವಿಶ್ವಕಪ್ ಗೆದ್ದಾಗ ದ್ರಾವಿಡ್ ಕೋಚ್. ಕೊಹ್ಲಿ ಕಪ್ ತಂದು ಕೈಗಿತ್ತರು. ಜೀವಮಾನವಿಡೀ ಮೆಲುದನಿಯಲ್ಲಿ ಮಾತಾಡಿದ ಮನುಷ್ಯ ಕಪ್ ಮೇಲೆತ್ತಿ ಗಂಟಲು ಹರಿಯುವಂತೆ ಕೂಗಿದರು. ಅದನ್ನು ನೋಡಿ ನಾನು ಅತ್ತೆ, ಹೇಳಲು ಸಂಕೋಚವಿಲ್ಲ.

2025ರ ಮಾರ್ಚ್ 4ಕ್ಕೆ ಕೆಲಸದ ಮೇಲೆ ಹಿರಿಯೂರಿಗೆ ಹೋದವನು ಬೇಕೆಂದೇ ಅದೇ ಹೋಟೆಲ್ಲಿಗೆ ಹೋಗಿ ಕೂತೆ. ದುಬೈನಲ್ಲಿ ಚಾಂಪಿಯನ್ಸ್ ಟ್ರೋಫಿ ಸೆಮಿಫೈನಲ್, ಮತ್ತೆ ಆಸ್ಟ್ರೇಲಿಯಾ. ಗುರಿ 265. ಕೊಹ್ಲಿ 84ಕ್ಕೆ ಔಟಾದ ಮೇಲೂ ರಾಹುಲ್ ನಿಂತಿದ್ದರು. ಕುಟ್ಟಬೇಕಾದ್ದನ್ನು ಕುಟ್ಟಿದರು, ಓಡಬೇಕಾದಲ್ಲಿ ಓಡಿದರು. ಮಾಲೀಕರು ಗಲ್ಲಾ ಬಿಟ್ಟು ಬಂದು ನನ್ನ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು. 49ನೆಯ ಓವರು, ಬೌಲರ್ ಮತ್ತೆ ಮ್ಯಾಕ್ಸ್‌ವೆಲ್. ಮೊದಲ ಎಸೆತವನ್ನೇ ರಾಹುಲ್ ಎತ್ತಿ ಹೊಡೆದರು. ಚೆಂಡು ಬೇಲಿ ದಾಟಿ ಬೀಳುವವರೆಗೂ ಹೋಟೆಲ್ಲಿನಲ್ಲಿ ಯಾರೂ ಮಾತಾಡಲಿಲ್ಲ.

ಮಾಲೀಕರು ಆ ರಾತ್ರಿ ಬಹಳ ಹೊತ್ತು ಟಿವಿ ಆರಿಸಲಿಲ್ಲ.