ಚಿತ್ರದ ವಿಳಾಸ ಮತ್ತು ಹಸಿದ ನಕ್ಷತ್ರ

ಜಾಲಪುಟದ ಕಡತದಲ್ಲಿ ಸಾಮಾನ್ಯವಾಗಿ ಚಿತ್ರ ಇರುವುದಿಲ್ಲ, ಅದು ಎಲ್ಲಿದೆ ಎಂಬ ವಿಳಾಸವಷ್ಟೇ ಇರುತ್ತದೆ. 1993ರ ಫೆಬ್ರುವರಿಯಲ್ಲಿ ಮಾರ್ಕ್ ಆಂಡ್ರೀಸನ್ ‘ಐಎಂಜಿ’ ಟ್ಯಾಗನ್ನು ಸೂಚಿಸಿದಾಗಲೇ, ವಿಳಾಸವನ್ನು ಅದರೊಳಗೆ ‘ಎಸ್‌ಆರ್‌ಸಿ’ ಎಂಬುದರ ಮುಂದೆ ಬರೆಯುವ ಏರ್ಪಾಡು ಇತ್ತು. ಇಂದಿಗೂ ಅದೇ ನಡೆದಿದೆ. ರಾಶಿ ಪುಟಗಳಿಂದ ಈ ವಿಳಾಸಗಳನ್ನು ಹೆಕ್ಕಬೇಕಾದಾಗ ಪ್ರೋಗ್ರಾಮರುಗಳ ಕೈ ಮೊದಲು ಹೋಗುವುದು, ಹುಡುಕಬೇಕಾದ ಪಠ್ಯದ ನಮೂನೆಯನ್ನು ಚಿಹ್ನೆಗಳಲ್ಲಿ ಬರೆಯುವ ರೆಜೆಕ್ಸ್ ಕಡೆಗೆ.

ರೆಜೆಕ್ಸ್‌ನ ಮೂಲ ಇರುವುದು ನರಕೋಶಗಳ ಗಣಿತದಲ್ಲಿ. ಮೆಕಲಕ್ ಮತ್ತು ಪಿಟ್ಸ್ 1943ರಲ್ಲಿ ಮಂಡಿಸಿದ ನರಜಾಲದ ಮಾದರಿಯನ್ನು ಕೆದಕುತ್ತ ಸ್ಟೀಫನ್ ಕ್ಲೇನಿ 1951ರಲ್ಲಿ ಇದನ್ನು ರೂಪಿಸಿದರು. ‘ಎಷ್ಟು ಸಲವಾದರೂ ಸರಿ’ ಎನ್ನುವ ನಕ್ಷತ್ರ ಚಿಹ್ನೆಗೆ ಈಗಲೂ ಅವರದೇ ಹೆಸರು. 1968ರಲ್ಲಿ ಕೆನ್ ಥಾಂಪ್ಸನ್ ಇದನ್ನು ಪಠ್ಯ ಹುಡುಕುವ ಕೆಲಸಕ್ಕೆ ಹಚ್ಚಿದರು. ಯುನಿಕ್ಸ್‌ನ ಹುಡುಕು ಸಾಧನ ‘ಗ್ರೆಪ್’ ಬಂದದ್ದು ಆ ದಾರಿಯಲ್ಲೇ.

ಎಡವಟ್ಟಾಗುವುದೂ ಈ ನಕ್ಷತ್ರದಿಂದಲೇ. ಎಸ್‌ಆರ್‌ಸಿ, ಸಮಚಿಹ್ನೆ, ಉದ್ಧರಣ ಚಿಹ್ನೆ, ಆಮೇಲೆ ಏನಾದರೂ ಎಷ್ಟಾದರೂ, ಕಡೆಗೆ ಮತ್ತೊಂದು ಉದ್ಧರಣ ಚಿಹ್ನೆ: ಹೊಸಬರು ಬರೆಯುವ ನಮೂನೆ ಇದು. ನೋಡಲು ಸರಿಯಾಗಿಯೇ ಇದೆ. ಆದರೆ ನಕ್ಷತ್ರಕ್ಕೆ ಬಕಾಸುರನ ಹಸಿವು. ವಿಳಾಸ ಮುಗಿದಲ್ಲಿ ನಿಲ್ಲದೆ ಆ ಸಾಲಿನ ಕಟ್ಟಕಡೆಯ ಉದ್ಧರಣ ಚಿಹ್ನೆಯವರೆಗೂ ನುಂಗುತ್ತದೆ. ಒಂದೇ ಸಾಲಿನಲ್ಲಿ ಐದು ಚಿತ್ರಗಳಿದ್ದರೆ ಐದೂ ಸೇರಿ ಒಂದು ವಿಳಾಸ! ನಕ್ಷತ್ರದ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಇಟ್ಟರೆ ಹಸಿವು ತಗ್ಗುತ್ತದೆ. ‘ಉದ್ಧರಣ ಚಿಹ್ನೆ ಬಿಟ್ಟು ಬೇರೆ ಯಾವ ಅಕ್ಷರವಾದರೂ’ ಎಂದು ಕಟ್ಟು ಹಾಕುವುದು ಅದಕ್ಕಿಂತ ಗಟ್ಟಿ ಉಪಾಯ.

ಅಷ್ಟಕ್ಕೇ ಮುಗಿಯಿತೇ? ಪುಟಗಳನ್ನು ಬರೆಯುವ ಭಾಷೆಯಾದ ಎಚ್‌ಟಿಎಂಎಲ್ ಬಲು ಉದಾರಿ. ಜೋಡಿ ಉದ್ಧರಣ, ಒಂಟಿ ಉದ್ಧರಣ, ಏನೂ ಇಲ್ಲದಿದ್ದರೂ ನಡೆಯುತ್ತದೆ. ದೊಡ್ಡಕ್ಷರ, ಚಿಕ್ಕಕ್ಷರ ಎರಡೂ ಸಮ್ಮತ. ಟಿಪ್ಪಣಿಯೊಳಗೆ ಅಡಗಿಸಿಟ್ಟ ಹಳೆಯ ಚಿತ್ರವನ್ನು ಬ್ರೌಸರ್ ಕಡೆಗಣಿಸುತ್ತದೆ, ರೆಜೆಕ್ಸ್ ಎತ್ತಿಕೊಂಡು ಬರುತ್ತದೆ. ಪುಟ ಸರಿಸಿದಾಗ ಮಾತ್ರ ಚಿತ್ರ ತರಿಸುವ ತಾಣಗಳಲ್ಲಿ ನಿಜವಾದ ವಿಳಾಸ ಹಲವು ಬಾರಿ ‘ಡೇಟಾ-ಎಸ್‌ಆರ್‌ಸಿ’ಯಲ್ಲಿರುತ್ತದೆ, ಎಸ್‌ಆರ್‌ಸಿಯಲ್ಲಿ ಖಾಲಿ ಚೌಕದ್ದು. ‘ಎಸ್‌ಆರ್‌ಸಿಸೆಟ್’ ಆದರೆ ಒಂದೇ ಚಿತ್ರದ ಬೇರೆ ಬೇರೆ ಅಳತೆಗಳ ವಿಳಾಸಗಳನ್ನು ಅಲ್ಪವಿರಾಮ ಹಾಕಿ ಪೋಣಿಸಿರುತ್ತದೆ.

ನಾವೇ ಬರೆದ, ಒಂದೇ ಅಚ್ಚಿನ ಪುಟಗಳಿಗೆ ರೆಜೆಕ್ಸ್ ಧಾರಾಳ ಸಾಕು, ಅಲ್ಲಿ ಅದನ್ನು ಹಳಿಯುವುದು ಬರೀ ಮಡಿವಂತಿಕೆ. ಊರವರೆಲ್ಲ ಬರೆದ ಪುಟಗಳಿಗೆ ಮಾತ್ರ ಟ್ಯಾಗುಗಳ ರಚನೆಯನ್ನು ಅರಿತು ಓದುವ ಪಾರ್ಸರ್ ಬೇಕು. ಪೈಥಾನ್‌ನ ‘ಬ್ಯೂಟಿಫುಲ್ ಸೂಪ್’ ಟ್ಯಾಗುಗಳನ್ನು ಮರದ ರೂಪಕ್ಕೆ ತಂದು, ಕೇಳಿದ ಕೊಂಬೆಯನ್ನು ಕೈಗಿಡುತ್ತದೆ. ಸಿಕ್ಕ ವಿಳಾಸಗಳಲ್ಲಿ ‘ಜೆಪಿಜಿ’ ಎಂದು ಕೊನೆಗೊಳ್ಳುವವನ್ನು ಸೋಸಲು ಮತ್ತೆ ರೆಜೆಕ್ಸನ್ನೇ ಕರೆಯಬಹುದು, ಆ ಕೆಲಸಕ್ಕೆ ನಕ್ಷತ್ರವೂ ಬೇಕಿಲ್ಲ.