ದೂರದಿಂದ ಬಾಂಬನ್ನು ಅಳೆಯುವ ವಿಜ್ಞಾನ

2017ರ ಸೆಪ್ಟೆಂಬರ್ 3ರಂದು ಉತ್ತರ ಕೊರಿಯಾ ಪುಂಗ್ಯೆ-ರಿಯ ಮಂಟಾಪ್ ಪರ್ವತದ ಒಡಲಲ್ಲಿ ತನ್ನ ಆರನೆಯ ಪರಮಾಣು ಸ್ಫೋಟವನ್ನು ನಡೆಸಿದಾಗ, ಅದರ ಶಕ್ತಿ ಎಷ್ಟೆಂಬ ಬಗ್ಗೆ ನೆರೆಯ ಎರಡು ದೇಶಗಳ ಲೆಕ್ಕ ತಾಳೆಯಾಗಲಿಲ್ಲ. ದಕ್ಷಿಣ ಕೊರಿಯಾ ಅದನ್ನು ಸುಮಾರು 50 ಕಿಲೋಟನ್ ಎಂದಿತು. ಜಪಾನ್ ಮೊದಲು 70 ಎಂದು ಹೇಳಿ, ಕೆಲವೇ ದಿನಗಳಲ್ಲಿ ತನ್ನ ಅಂದಾಜನ್ನು 120ಕ್ಕೂ ಆಮೇಲೆ 160ಕ್ಕೂ ಏರಿಸಿತು. ಒಂದು ಕಿಲೋಟನ್ ಎಂದರೆ ಸಾವಿರ ಟನ್ ಟಿ.ಎನ್.ಟಿ. ಸಿಡಿದಾಗ ಬಿಡುಗಡೆಯಾಗುವ ಶಕ್ತಿ. ಹಿರೋಷಿಮಾದ ಮೇಲೆ ಬಿದ್ದ ಬಾಂಬಿನದು ಸುಮಾರು 15 ಕಿಲೋಟನ್.

ಈ ಅಂತರದ ಮೂಲ ಗಣಿತದಲ್ಲಿದೆ. ನೆಲದ ಕಂಪನವನ್ನು ಅಳೆಯುವ ಪರಿಮಾಣವು ಲಾಗರಿದಮ್ ಮಾನದಲ್ಲಿರುವುದರಿಂದ, ಅದರಲ್ಲಿ ಕೇವಲ 0.3ರಷ್ಟು ವ್ಯತ್ಯಾಸವಾದರೂ ಸ್ಫೋಟದ ಅಂದಾಜು ಸುಮಾರು ಎರಡೂವರೆ ಪಟ್ಟು ಬದಲಾಗುತ್ತದೆ. ದಕ್ಷಿಣ ಕೊರಿಯಾದ ಹವಾಮಾನ ಇಲಾಖೆ ಆ ದಿನ 5.7 ಎಂದು ಅಳೆದ ಕಂಪನವನ್ನು ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆ 6.3 ಎಂದು ದಾಖಲಿಸಿತ್ತು. ಇದರ ಜೊತೆಗೆ ಬಾಂಬನ್ನು ಎಷ್ಟು ಆಳದಲ್ಲಿ ಇಟ್ಟಿದ್ದರು, ಸುತ್ತಲಿನ ಬಂಡೆ ಎಷ್ಟು ಗಟ್ಟಿ ಎಂಬುದನ್ನೂ ಹೊರಗಿನವರು ಊಹಿಸಬೇಕಾಗುತ್ತದೆ.

ಹಾಗೆಂದು ಭೂಕಂಪಶಾಸ್ತ್ರವನ್ನು ಕಡೆಗಣಿಸುವಂತಿಲ್ಲ, ಏಕೆಂದರೆ ಸರ್ಕಾರಗಳ ಪ್ರಕಟಣೆಗಳಿಗಿಂತ ನೆಲದ ಸಾಕ್ಷ್ಯವೇ ಹೆಚ್ಚು ನಂಬಲರ್ಹ. ಭೂಕಂಪದಲ್ಲಿ ಶಿಲಾಸ್ತರಗಳು ಒಂದರ ಪಕ್ಕ ಒಂದು ಜಾರುತ್ತವೆ. ಸ್ಫೋಟವಾದರೋ ಎಲ್ಲ ದಿಕ್ಕಿಗೂ ಒಮ್ಮೆಲೇ ಒತ್ತುತ್ತದೆ. ಆದ್ದರಿಂದ ಎರಡರ ಅಲೆಗಳ ಸ್ವರೂಪವೂ ಬೇರೆಯಾಗಿರುತ್ತದೆ. 2016ರ ಜನವರಿಯಲ್ಲಿ ಉತ್ತರ ಕೊರಿಯಾ ತಾನು ಸಿಡಿಸಿದ್ದು ಜಲಜನಕ ಬಾಂಬ್ ಎಂದು ಸಾರಿದಾಗ, 5.1ರ ಪರಿಮಾಣವನ್ನು ಕಂಡ ತಜ್ಞರು ಆ ಮಾತನ್ನು ಸಂಶಯಿಸಿದ್ದು ಈ ಅಳತೆಯ ಬಲದಿಂದಲೇ. ದೂರದ ಸ್ಫೋಟಗಳ ಕ್ಷೀಣ ಕಂಪನವನ್ನು ಹಿಡಿಯಲು ಹಲವು ಮಾಪಕಗಳನ್ನು ವಿಶಾಲ ಪ್ರದೇಶದಲ್ಲಿ ಹರಡಿ, ಅವುಗಳ ದಾಖಲೆಗಳನ್ನು ಕೂಡಿಸಿ ಸ್ಥಳೀಯ ಗದ್ದಲವನ್ನು ತಗ್ಗಿಸುವ ವ್ಯವಸ್ಥೆಯಿದೆ. ಭಾಭಾ ಪರಮಾಣು ಸಂಶೋಧನಾ ಕೇಂದ್ರವು ಬ್ರಿಟನ್ನಿನ ಸಹಕಾರದಿಂದ 1965ರಲ್ಲಿ ನಮ್ಮ ಗೌರಿಬಿದನೂರಿನಲ್ಲಿ ಸ್ಥಾಪಿಸಿದ ಜಾಲ ಇಂಥದ್ದೇ.

ಕಂಪನವು ಸ್ಫೋಟವೆಂದು ತೋರಿಸಿದರೂ ಅದು ಪರಮಾಣು ಸ್ಫೋಟವೇ ಎಂಬುದನ್ನು ಖಚಿತಪಡಿಸುವುದು ಗಾಳಿ. ಪರಮಾಣು ವಿದಳನದಲ್ಲಿ ಹುಟ್ಟುವ ಕ್ಸೆನಾನ್ ಯಾವುದರೊಡನೆಯೂ ಸುಲಭವಾಗಿ ಬೆರೆಯದ ಅನಿಲವಾದ್ದರಿಂದ ಬಂಡೆಯ ಬಿರುಕುಗಳಿಂದ ನುಸುಳಿ ಹೊರಬರಬಲ್ಲದು. 2006ರ ಮೊದಲ ಪರೀಕ್ಷೆಯ ಕುರುಹು ದೂರದ ಕೆನಡಾದಲ್ಲಿ ಸಿಕ್ಕಿತು. 2009ರಲ್ಲಿ ಏನೂ ಸಿಗಲಿಲ್ಲ. 2013ರ ಪರೀಕ್ಷೆಯದು ಜಪಾನಿನ ತಕಾಸಾಕಿ ಕೇಂದ್ರಕ್ಕೆ ಸುಮಾರು 55 ದಿನಗಳ ಬಳಿಕ ತಲುಪಿತು. ಕ್ಸೆನಾನ್-133ರ ಅರ್ಧಾಯು, ಅಂದರೆ ಅದರ ಪ್ರಮಾಣ ಅರ್ಧಕ್ಕಿಳಿಯಲು ಬೇಕಾದ ಕಾಲ, ಐದು ದಿನಗಳಿಗಿಂತ ತುಸು ಹೆಚ್ಚು ಮಾತ್ರ. ಹೀಗಾಗಿ ಬಾಂಬಿನಲ್ಲಿದ್ದುದು ಪ್ಲುಟೋನಿಯಮ್ಮೋ ಯುರೇನಿಯಮ್ಮೋ ಎಂದು ಹೇಳುವ ಸುಳಿವು ಅಷ್ಟರಲ್ಲಿ ಅಳಿಸಿಹೋಗಿತ್ತು.

ಸಿಡಿದ ಬಾಂಬಿಗಿಂತ ಸಿಡಿಯದೆ ಉಳಿದ ಬಾಂಬುಗಳನ್ನು ಎಣಿಸುವುದು ಕಷ್ಟ. ಉತ್ತರ ಕೊರಿಯಾದ ಯೊಂಗ್‌ಬ್ಯೊನ್‌ನ ರಿಯಾಕ್ಟರ್ ನಡೆಯುತ್ತಿದೆಯೇ ಎಂಬುದನ್ನು ಅದು ಹೊರಬಿಡುವ ಬಿಸಿನೀರು ಮತ್ತು ಹಬೆಯಿಂದ ಉಪಗ್ರಹಗಳು ಗುರುತಿಸುವುದರಿಂದ ಪ್ಲುಟೋನಿಯಮ್ ಎಷ್ಟು ತಯಾರಾಗಿರಬಹುದೆಂದು ಲೆಕ್ಕ ಹಾಕಬಹುದು. ಆದರೆ ಯುರೇನಿಯಮ್ಮಿನ ಸಂವರ್ಧನೆ, ಅಂದರೆ ಬಾಂಬಿಗೆ ಬೇಕಾದ ಯುರೇನಿಯಮ್-235ರ ಅಂಶವನ್ನು ವೇಗವಾಗಿ ತಿರುಗುವ ಸೆಂಟ್ರಿಫ್ಯೂಜ್‌ಗಳಲ್ಲಿ ಹೆಚ್ಚಿಸುವ ಕೆಲಸ, ಸಾಮಾನ್ಯ ಕಾರ್ಖಾನೆಯಂಥ ಕಟ್ಟಡದೊಳಗೇ ನಡೆದುಬಿಡುತ್ತದೆ. 2010ರಲ್ಲಿ ಅಮೆರಿಕದ ವಿಜ್ಞಾನಿ ಸೀಗ್‌ಫ್ರೀಡ್ ಹೆಕರ್ ಅವರಿಗೆ ಉತ್ತರ ಕೊರಿಯನ್ನರು ತಾವಾಗಿಯೇ ತೋರಿಸಿದ ಸುಮಾರು 2,000 ಸೆಂಟ್ರಿಫ್ಯೂಜ್‌ಗಳು ಅವರನ್ನು ಬೆರಗುಗೊಳಿಸಿದ್ದವು. ಸ್ಟಾಕ್‌ಹೋಮಿನ ಸಿಪ್ರಿ ಸಂಸ್ಥೆ 2024ರಲ್ಲಿ ಸುಮಾರು 50 ಸಿಡಿತಲೆಗಳು ಸಿದ್ಧವಿರಬಹುದು, ವಿದಳನ ವಸ್ತು 90ರವರೆಗೆ ಸಾಲಬಹುದು ಎಂದು ಅಂದಾಜಿಸಿತು. ಈ ಎರಡು ಸಂಖ್ಯೆಗಳ ನಡುವಿನ ಅಂತರವನ್ನು ಸುದ್ದಿ ಶೀರ್ಷಿಕೆಗಳು ನುಂಗಿಬಿಡುವುದೇ ಹೆಚ್ಚು.

ಕ್ಷಿಪಣಿಗಳ ವಿಷಯದಲ್ಲಿಯೂ ಊಹೆಯ ಪಾಲು ದೊಡ್ಡದು. 2017ರ ನವೆಂಬರಿನಲ್ಲಿ ಹ್ವಾಸಾಂಗ್-15 ಸುಮಾರು 4,500 ಕಿಲೋಮೀಟರ್ ಎತ್ತರಕ್ಕೇರಿ, 950 ಕಿಲೋಮೀಟರ್ ದೂರದ ಸಮುದ್ರದಲ್ಲಿ ಬಿದ್ದಿತು. ಅದನ್ನೇ ಓರೆಯಾಗಿ ಹಾರಿಸಿದ್ದರೆ 13,000 ಕಿಲೋಮೀಟರ್ ಸಾಗುತ್ತಿತ್ತೆಂಬ ಲೆಕ್ಕ ಸರಿಯಾದುದೇ ಆದರೂ, ತುದಿಯಲ್ಲಿದ್ದ ಭಾರ ಎಷ್ಟೆಂಬುದು ತಿಳಿಯದೆ ಆ ಸಂಖ್ಯೆಗೆ ಪೂರ್ಣ ಅರ್ಥವಿಲ್ಲ.

ಆಯುಧ ಇರುವುದು ಒಂದು, ಅದನ್ನು ಬಳಸುವ ಇಚ್ಛೆ ಇನ್ನೊಂದು, ಎರಡನೆಯದಕ್ಕೆ ಮಾಪಕವಿಲ್ಲ. 2022ರ ಸೆಪ್ಟೆಂಬರಿನಲ್ಲಿ ಉತ್ತರ ಕೊರಿಯಾ ಮುಂಚಿತ ಪರಮಾಣು ದಾಳಿಗೆ ಅವಕಾಶವೀಯುವ ಕಾನೂನು ಮಾಡಿಕೊಂಡಿತು. ಅದು ನಿಜವಾದ ಯುದ್ಧನೀತಿಯೋ ಎದುರಾಳಿಯನ್ನು ಹಿಮ್ಮೆಟ್ಟಿಸುವ ಬೆದರಿಕೆಯೋ ಎಂಬ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ಇಚ್ಛೆಯ ಬಗೆಗಿನ ನಂಬಿಕೆಯು ಆಯುಧದ ಲೆಕ್ಕವನ್ನೇ ತಿದ್ದತೊಡಗಿದರೆ ಆಗುವ ಅನಾಹುತಕ್ಕೆ ಇರಾಕ್ ನಿದರ್ಶನವಾಗಿದೆ. 1991ರ ಯುದ್ಧಕ್ಕೆ ಮುನ್ನ ಅದರ ಗುಪ್ತ ಕಾರ್ಯಕ್ರಮದ ವ್ಯಾಪ್ತಿಯನ್ನು ಹೊರಗಿನವರು ಅರಿತಿರಲಿಲ್ಲ. 2003ರಲ್ಲಿ ಇಲ್ಲದ ಕಾರ್ಯಕ್ರಮವನ್ನು ಇದೆಯೆಂದು ನಂಬಿ ಯುದ್ಧಕ್ಕೆ ಇಳಿದರು. ಆದರೆ ಆ ಎರಡು ತಪ್ಪುಗಳೂ ಬಯಲಾದದ್ದು ನೆಲದ ಮೇಲೆ ಓಡಾಡಿದ ಪರಿಶೀಲಕರಿಂದ. ಉತ್ತರ ಕೊರಿಯಾ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಪರಿಶೀಲಕರನ್ನು 2009ರ ಏಪ್ರಿಲ್‌ನಲ್ಲಿ ಹೊರಹಾಕಿದ ಮೇಲೆ ಅವರಿಗೆ ಅಲ್ಲಿ ಮತ್ತೆ ಪ್ರವೇಶ ಸಿಕ್ಕಿಲ್ಲ.