ಇರುವುದೇ 32 ಹಲ್ಲು, ಚೀಟಿಯಲ್ಲಿ 46 ಎಲ್ಲಿಂದ ಬಂತು?

ನಂಜನಗೂಡು, ತಿ. ನರಸೀಪುರದ ಕಡೆಯಿಂದ ಹಲ್ಲುನೋವೆಂದು ಮೈಸೂರಿಗೆ ಹೋಗಿ ಬಂದವರ ಚೀಟಿಯಲ್ಲಿ '46, ಕೆ 02.1' ಎಂದು ಬರೆದಿರಬಹುದು. ಮನುಷ್ಯನಿಗೆ ಇರುವುದು 32 ಹಲ್ಲು, ಹಾಗಾದರೆ ಇದು ದುಡ್ಡು ಹೊಡೆಯುವ ಸುಳ್ಳು ಲೆಕ್ಕವೇ? ಫೋಟೋ ತೆಗೆದು ಗ್ರೂಪಿಗೆ ಹಾಕುವ ಮುನ್ನ ಸ್ವಲ್ಪ ತಾಳಿ. ಲೆಕ್ಕ ಸರಿಯಾಗಿಯೇ ಇದೆ.

ಅದನ್ನು ನಲವತ್ತಾರು ಎಂದು ಓದಬಾರದು, ನಾಲ್ಕು-ಆರು ಎಂದು ಓದಬೇಕು. ಬಾಯಿಯನ್ನು ನಾಲ್ಕು ಭಾಗ ಮಾಡುತ್ತಾರೆ: ನಿಮ್ಮ ಮೇಲಿನ ಬಲ 1, ಮೇಲಿನ ಎಡ 2, ಕೆಳಗಿನ ಎಡ 3, ಕೆಳಗಿನ ಬಲ 4. ಎರಡನೇ ಅಂಕಿ ಮುಂದಿನ ನಡುಹಲ್ಲಿನಿಂದ ಹಿಂದಕ್ಕೆ ಎಣಿಸಿದ್ದು. ಹಾಗಾಗಿ 46 ಎಂದರೆ ಕೆಳಗಿನ ಬಲಬದಿಯ ಆರನೇ ಹಲ್ಲು. ಹಾಲುಹಲ್ಲಿಗೆ ಇದೇ ಕ್ರಮದಲ್ಲಿ 5ರಿಂದ 8. ಅಮೆರಿಕದಲ್ಲಿ ಮಾತ್ರ 1ರಿಂದ 32ರವರೆಗೆ ನೇರವಾಗಿ ಎಣಿಸುತ್ತಾರೆ. ಅಲ್ಲಿನ 18 ಕೆಳಗಿನ ಎಡ ದವಡೆಹಲ್ಲು, ನಮ್ಮ 18 ಮೇಲಿನ ಬಲದ ಬುದ್ಧಿಹಲ್ಲು. ಮಗನ ಮನೆಗೆಂದು ಅಲ್ಲಿಗೆ ಹೋದಾಗ ಹಲ್ಲು ತೋರಿಸಿಕೊಂಡವರು ಇದನ್ನು ನೆನಪಿಡಬೇಕು.

ಸಂಖ್ಯೆ ತಪ್ಪಿದರೆ ಏನಾಗುತ್ತದೆ? ಆರು ವರ್ಷದ ಮಗುವಿನ ಬಾಯಿ ನೋಡಿ. ಕೆಳಗಿನ ಬಲದಲ್ಲಿ 85 ಹಾಲುಹಲ್ಲು, ಹತ್ತು-ಹನ್ನೆರಡು ವರ್ಷಕ್ಕೆ ಬಿದ್ದುಹೋಗುವಂಥದ್ದು. ಅದಕ್ಕೆ ಅಂಟಿಕೊಂಡೇ ಹಿಂದೆ 46 ಹುಟ್ಟುತ್ತದೆ. ಅದು ಜೀವನಪೂರ್ತಿ ಇರಬೇಕಾದ ಹಲ್ಲು. ಯಾವ ಹಲ್ಲೂ ಬೀಳದೆ ಬರುವುದರಿಂದ ಮನೆಯವರು ಅದನ್ನೂ ಹಾಲುಹಲ್ಲೆಂದೇ ತಿಳಿಯುತ್ತಾರೆ. ಚೀಟಿಯಲ್ಲಿ 'ಬಲಗಡೆ ದವಡೆಹಲ್ಲು ಹುಳುಕು' ಎಂದಷ್ಟೇ ಇದ್ದರೆ ಮುಂದಿನ ವೈದ್ಯರಿಗೆ ಯಾವುದೆಂದು ಹೇಗೆ ಗೊತ್ತಾಗಬೇಕು?

ಇನ್ನು ಕೆ 02. ಇದು ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ ಹತ್ತನೇ ಆವೃತ್ತಿಯಲ್ಲಿ ದಂತಕ್ಷಯದ ಗುರುತು. ಚುಕ್ಕಿಯ ಮುಂದಿನ ಅಂಕಿ ಹುಳುಕಿನ ಬಗೆಯನ್ನು ಹೇಳುತ್ತದೆ. 0 ಎಂದರೆ ಮೇಲಿನ ಎನಾಮಲ್‌ನಲ್ಲಿ ಮಾತ್ರ. ಬರೀ ಬಿಳಿ ಮಚ್ಚೆಯಾಗಿದ್ದರೆ ಫ್ಲೋರೈಡ್ ಪೇಸ್ಟಿನಿಂದಲೇ ತಡೆಯಬಹುದು. 1 ಎಂದರೆ ಒಳಪದರಕ್ಕೆ ಇಳಿದಿದೆ. ತೂತು ಬಿದ್ದಿದ್ದರೆ ಸಾಮಾನ್ಯವಾಗಿ ತುಂಬಿಸಬೇಕು. ನಂಜನಗೂಡು ಹಲ್ಲುಪುಡಿಯಲ್ಲಿ ತಿಕ್ಕಿ ಬೆಳೆದವರಿಗೆ ಬೇಸರವಾಗಬಹುದು, ಆದರೆ ಬಿದ್ದ ತೂತನ್ನು ಯಾವ ಪುಡಿಯೂ ಮುಚ್ಚುವುದಿಲ್ಲ. 5 ಎಂದರೆ ನರದ ಭಾಗ ತೆರೆದುಕೊಂಡಿದೆ, ರೂಟ್ ಕೆನಾಲ್ ಅಥವಾ ಕೀಳುವ ಮಾತು ಬರುವುದು ಆಗಲೇ. 3 ಎಂದರೆ ಹುಳುಕು ತಾನಾಗಿ ನಿಂತಿದೆ. ಕಪ್ಪಗೆ ಕಂಡರೂ ಕೆಲವೊಮ್ಮೆ ಕೊರೆಯುವ ಅಗತ್ಯವೇ ಇರುವುದಿಲ್ಲ. ಇದನ್ನು ಬರೆದಿಡದಿದ್ದರೆ ಇನ್ನೊಬ್ಬರು ಸುಮ್ಮನೆ ಕೊರೆದುಬಿಡಬಹುದು. 9 ಎಂದರೆ ಯಾವ ಬಗೆ ಎಂದು ನಮೂದಿಸಿಲ್ಲ. ನಮ್ಮ ಪ್ರಕಾರ ರೋಗಿಗೆ ಇದರಿಂದ ಆಗುವ ಉಪಯೋಗ ಕಡಿಮೆ.

ಅಂದಹಾಗೆ, ಹುಳುಕಿನಲ್ಲಿ ಹುಳು ಇರುವುದಿಲ್ಲ. ನೆಲಗುಳ್ಳದ ಬೀಜದ ಹೊಗೆ ಹಾಕಿದಾಗ ಬೀಳುವ 'ಹುಳು' ಬಿಸಿಗೆ ಬೀಜದಿಂದ ಹೊರಬಂದ ಮೊಳಕೆ.

ಸಣ್ಣ ಕ್ಲಿನಿಕ್‌ಗಳಲ್ಲಿ ಕೋಡ್ ಬರೆಯದಿದ್ದರೆ ಗಾಬರಿ ಬೇಡ. ಹಲ್ಲಿನ ಸಂಖ್ಯೆ, ಹುಳುಕು ಎಷ್ಟು ಆಳ, ಏನು ಮಾಡಿದರು, ಯಾವ ದಿನ ಎಂಬುದನ್ನು ಕೇಳಿ ಬರೆಸಿಕೊಳ್ಳಿ. ಎಕ್ಸ್‌ರೇಯನ್ನು ಚೀಟಿಯ ಜೊತೆಗೇ ಇಡಿ. ನೀವು ಬೆರಳಿಟ್ಟು ತೋರಿಸುವ ಹಲ್ಲಿಗೂ ಚೀಟಿಯ ಸಂಖ್ಯೆಗೂ ತಾಳೆಯಾಗದಿದ್ದರೆ ಇಂಜೆಕ್ಷನ್ ಕೊಡುವ ಮುಂಚೆಯೇ ವೈದ್ಯರನ್ನು ಕೇಳಿ.